ನಮ್ಮತ್ತೆ ದೆವ್ವವಾದ ಸಿನಿಮಾ

ನಮ್ಮತ್ತೆಗೆ ದೆವ್ವವೆಂದರೆ ಎಷ್ಟು ಹೆದರಿಕೆಯೆಂದರೆ ಆ ಪದವನ್ನೇ ಅವರು ಬಾಯಿಬಿಟ್ಟು ಹೇಳುವುದಿಲ್ಲ. ‘ಅದು’ ಎನ್ನುತ್ತಾರೆ. ಟಿವಿಯಲ್ಲಿ ಬಾಗಿಲೊಂದು ತಾನಾಗಿ ಕಿರ್ರೆಂದರೆ ಸಾಕು, “ಅದು ಬರತ್ತೆ ಈಗ, ಚಾನೆಲ್ ಬದಲಾಯಿಸು” ಎಂದು ಎದ್ದು ಅಡುಗೆಮನೆಗೆ ನಡೆದುಬಿಡುತ್ತಾರೆ. ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಟ್ಟು ನಿವೃತ್ತರಾದವರು. ಕ್ಲಾಸಿನಲ್ಲಿ ಅವರು ಕನ್ನಡಕ ತೆಗೆದರೆ ಹುಡುಗಿಯರು ಉಸಿರು ಬಿಗಿಹಿಡಿಯುತ್ತಿದ್ದರಂತೆ. ಆದರೆ ದೀಪ ಹಚ್ಚುವ ಹೊತ್ತಾದ ಮೇಲೆ ನಮ್ಮ ಮನೆಯ ಮಹಡಿ ಹತ್ತಬೇಕಾದರೆ ಅವರಿಗೆ ನಾನು ಜೊತೆಗೆ ಬೇಕು.

ಇಂಥವರು ಒಂದು ದೆವ್ವದ ಸಿನಿಮಾದಲ್ಲಿ ದೆವ್ವವಾಗಿದ್ದು ಹೇಗೆ ಎಂದು ನೆಂಟರು ಈಗಲೂ ಕೇಳುತ್ತಾರೆ.

ನಮ್ಮದು ಹನುಮಂತನಗರದ ಗುಡ್ಡದ ಇಳಿಜಾರಿನ ಮನೆ. ಅಕ್ಕಪಕ್ಕದವರೆಲ್ಲ ಹಳೆಯದನ್ನು ಕೆಡವಿ ಮೂರು ನಾಲ್ಕು ಅಂತಸ್ತು ಎಬ್ಬಿಸಿಬಿಟ್ಟಿದ್ದಾರೆ. ನಮ್ಮದೊಂದು ಹಾಗೇ ಉಳಿದಿದೆ. ಕೆಂಪು ನೆಲ, ಕಂಬಿ ಕಿಟಕಿ, ಹಾಲಿನ ಒಳಗಿನಿಂದಲೇ ಮೇಲಕ್ಕೆ ಹೋಗುವ ಮರದ ಮೆಟ್ಟಿಲು, ಮೇಲೆ ಒಂದೇ ಒಂದು ಕೋಣೆ. ಆ ಮೆಟ್ಟಿಲನ್ನು ಹುಡುಕಿಕೊಂಡೇ ನಿರ್ದೇಶಕರು ಬಂದದ್ದು. ನಲವತ್ತರ ಆಸುಪಾಸಿನ ಮನುಷ್ಯ, ಮೆಲುಮಾತು. ಅದುವರೆಗೆ ಬೇರೆಯವರ ಸಿನಿಮಾಗಳಿಗೆ ಎಡಿಟಿಂಗ್ ಮಾಡಿಕೊಂಡಿದ್ದವರು. ಇದು ಅವರ ಮೊದಲ ಸಿನಿಮಾ. ಹಾಲಿನಲ್ಲಿ ನಿಂತು ಮೆಟ್ಟಿಲನ್ನೇ ನೋಡುತ್ತಾ, “ಅಮ್ಮ, ಹದಿನೈದಿಪ್ಪತ್ತು ದಿನ ಕೊಟ್ರೆ ಸಾಕು, ಒಂದು ಮೊಳೇನೂ ಹೊಡಿಯಲ್ಲ” ಎಂದರು.

“ಎಂಥ ಸಿನಿಮಾಪ್ಪ?” ಅತ್ತೆ ಕೇಳಿದರು.

“ಫ್ಯಾಮಿಲಿ ಸಸ್ಪೆನ್ಸ್ ಅಮ್ಮ.”

ಅತ್ತೆಗೆ ಫ್ಯಾಮಿಲಿ ಅನ್ನುವುದಷ್ಟೇ ಕೇಳಿಸಿತು. ಒಪ್ಪಿಕೊಂಡರು. ನನ್ನ ಗಂಡ ಕಂಪನಿ ಕೆಲಸದ ಮೇಲೆ ಆ ತಿಂಗಳೆಲ್ಲ ಊರಲ್ಲಿರಲಿಲ್ಲ. ಫೋನಿನಲ್ಲೇ “ಅಮ್ಮಂಗೆ ಸರಿ ಅನ್ಸಿದ್ರೆ ಸರಿ” ಎಂದರು. ಅದು ದೆವ್ವದ ಮನೆಯ ಕಥೆ ಎಂದು ಗೊತ್ತಾದದ್ದು ಕ್ಯಾಮೆರಾ ಪೂಜೆಯ ದಿನ, ಯಾರೋ ಮೆಟ್ಟಿಲಿಗೆ ಜೇಡರ ಬಲೆ ಅಂಟಿಸುತ್ತಿದ್ದಾಗ. ಅಷ್ಟು ಹೊತ್ತಿಗೆ ಅತ್ತೆ ಎಲ್ಲರಿಗೂ ಕಾಫಿ ಕೊಟ್ಟಾಗಿತ್ತು. ಕಾಫಿ ಕೊಟ್ಟವರನ್ನು ಹೊರಗೆ ಕಳಿಸುವುದು ಅವರಿಂದ ಆಗದ ಮಾತು. “ಈ ಜೇಡರ ಬಲೆ ಮಾತ್ರ ಬೇಡ. ನಮ್ಮನೇಲಿ ವಾರವಾರ ಗುಡಿಸ್ತೀವಿ” ಎಂದು ಅದನ್ನು ತೆಗೆಸಿದರು.

ದೆವ್ವದ ಪಾತ್ರಕ್ಕೆ ನಾಟಕಗಳಲ್ಲಿ ಹೆಸರು ಮಾಡಿದ್ದ ಹಿರಿಯ ನಟಿಯೊಬ್ಬರನ್ನು ಗೊತ್ತು ಮಾಡಿದ್ದರು. ಒಂದು ದಿನ ಬಂದರು. ಮಾರನೆಯ ದಿನ ಅವರಿಗೆ ಜ್ವರ, ಇನ್ನೆರಡು ವಾರ ಏಳಬಾರದೆಂದು ಡಾಕ್ಟರು ಹೇಳಿದ್ದಾರೆಂದು ಫೋನು ಬಂತು. ನಿರ್ದೇಶಕರು ಮೆಟ್ಟಿಲ ಮೇಲೆ ತಲೆ ಹಿಡಿದು ಕೂತರು. ಕೆಳಗಿನ ಗದ್ದಲ ತಾಳಲಾರದೆ ಅತ್ತೆ ಅಷ್ಟರಲ್ಲಿ ಮೊರದಲ್ಲಿ ಅಕ್ಕಿ ಹಾಕಿಕೊಂಡು ಮಹಡಿಯ ಕೋಣೆಗೆ ಹೋಗಿದ್ದರು. ಪ್ಯಾಕೆಟ್ ಅಕ್ಕಿಯಲ್ಲಿ ಕಲ್ಲಿರುವುದಿಲ್ಲ ಎಂದು ನಾನು ಎಷ್ಟು ಹೇಳಿದರೂ ಅವರು ಆರಿಸದೆ ಅನ್ನಕ್ಕಿಡುವುದಿಲ್ಲ. ಕ್ಯಾಮೆರಾದವರು ಬೆಳಕು ನೋಡಲೆಂದು ಲೆನ್ಸನ್ನು ಆ ಕೋಣೆಯ ಬಾಗಿಲ ಕಡೆ ತಿರುಗಿಸಿದ್ದರು. ಮಾನಿಟರಿನಲ್ಲಿ ಅತ್ತೆ ಕಾಣಿಸಿದರು. ಕಿಟಕಿಗೆ ಮುಖ, ನಮಗೆ ಬೆನ್ನು. ಎಣ್ಣೆ ಹಚ್ಚಿ ಬಿಗಿಯಾಗಿ ಕಟ್ಟಿದ ಗಂಟು, ಆಕಾಶದ ಬಣ್ಣದ ಹತ್ತಿ ಸೀರೆ. ಒಂದು ಬೆರಳಷ್ಟೇ ಅಲ್ಲಾಡುತ್ತಿತ್ತು.

ನಿರ್ದೇಶಕರು ಎದ್ದು ನಿಂತರು. “ಅಮ್ಮ, ಹಾಗೇ ಇರಿ. ಅಲ್ಲಾಡ್ಬೇಡಿ.”

“ಯಾಕಪ್ಪ, ಮೈಮೇಲೆ ಹಲ್ಲಿ ಬಿತ್ತಾ?” ಅತ್ತೆ ತಿರುಗದೆಯೇ ಕೇಳಿದರು.

ಆಮೇಲೆ ಅರ್ಧ ದಿನ ಮಾತುಕತೆ ನಡೆಯಿತು. ಅತ್ತೆ ಮೊದಲು ನಕ್ಕರು, ಆಮೇಲೆ ರೇಗಿದರು, ಆಮೇಲೆ ಆ ಮನುಷ್ಯನ ಮುಖ ನೋಡಿ ಸುಮ್ಮನಾದರು. ಕೊನೆಗೆ ತಮ್ಮ ಷರತ್ತುಗಳನ್ನು ಪಾಠ ಒಪ್ಪಿಸಿದಂತೆ ಹೇಳಿದರು. “ಬಿಳೀ ಸೀರೆ ಉಡಲ್ಲ. ಮುಖಕ್ಕೆ ಏನೂ ಬಳ್ಕೊಳಲ್ಲ. ತಲೆಯಂತೂ ಬಿಡಲ್ಲ. ದೀಪ ಹಚ್ಚೋ ಮನೇಲಿ ತಲೆ ಬಿಟ್ಕೊಂಡು ಕೂರೋದು ನನ್ ಕೈಲಾಗಲ್ಲ. ಸಂಜೆ ದೀಪದ ಹೊತ್ತಿಗೆ ಮುಗಿಸ್ಬೇಕು. ಮತ್ತೆ, ಕಥೆ ನನಗೆ ಹೇಳ್ಬೇಡಿ. ಹೇಳಿದ್ರೆ ರಾತ್ರಿ ನಿದ್ದೆ ಬರಲ್ಲ.”

“ಎಲ್ಲದಕ್ಕೂ ಸರಿ ಅಮ್ಮ” ಎಂದರು ನಿರ್ದೇಶಕರು.

“ಇನ್ನೊಂದು. ನನ್ ಸೊಸೆ ಎದುರಿಗಿರ್ಬೇಕು. ನನ್ ಕಣ್ಣಿಗೆ ಕಾಣೋ ಹಾಗೆ.”

ನನಗೆ ಆಗ ವಾರದಲ್ಲಿ ಮೂರು ದಿನ ಮನೆಯಿಂದಲೇ ಕೆಲಸ, ಎರಡು ದಿನ ಬಿ.ಟಿ.ಎಂ. ಲೇಔಟಿನ ಆಫೀಸು. ಆ ಎರಡು ದಿನವನ್ನೂ ಹೇಗೋ ಹೊಂದಿಸಿಕೊಂಡೆ. ಮದುವೆಯಾಗಿ ಬಂದಾಗಿನಿಂದ ಅತ್ತೆಗೂ ನನಗೂ ಜಗಳವಿರಲಿಲ್ಲ, ಸಲಿಗೆಯೂ ಅಷ್ಟಕ್ಕಷ್ಟೇ. ನಾನು ಕಣ್ಣಿಗೆ ಕಾಣುತ್ತಿರಬೇಕೆಂದು ಅವರು ಅಷ್ಟು ಜನರ ಮುಂದೆ ಹೇಳಿದ್ದು ನನಗೆ ಒಳಗೊಳಗೇ ಹಿತವಾಯಿತು.

ಕಿಟಕಿಗಳಿಗೆ ಹೊರಗಿನಿಂದ ಕಪ್ಪು ಬಟ್ಟೆ ಕಟ್ಟಿ ಮಟಮಟ ಮಧ್ಯಾಹ್ನವನ್ನೇ ರಾತ್ರಿ ಮಾಡುತ್ತಿದ್ದರು. ಹೊರಗೆ ಸೊಪ್ಪಿನವಳು ಕೂಗುತ್ತಿದ್ದರೆ ಒಳಗೆ ಅಮಾವಾಸ್ಯೆ. ಕ್ಯಾಮೆರಾದ ಪಕ್ಕ ನಮ್ಮ ಮನೆಯ ಹಳೆಯ ಬೆತ್ತದ ಸ್ಟೂಲಿನ ಮೇಲೆ ಲ್ಯಾಪ್‌ಟಾಪ್ ಮಡಿಲಲ್ಲಿಟ್ಟುಕೊಂಡು ನಾನು ಕೂರುತ್ತಿದ್ದೆ. ಅತ್ತೆಯ ಕೆಲಸ ಇಷ್ಟೇ: ಅಕ್ಕಿ ಆರಿಸುವುದು, ಎದ್ದು ಕಿಟಕಿಯ ತನಕ ಹೋಗುವುದು, ತಿರುಗಿ ನೋಡುವುದು. ಮಾತಿಲ್ಲ. ಟೇಕ್ ಮುಗಿದ ಕೂಡಲೇ “ಲೈಟ್ ಹಾಕ್ರಪ್ಪ” ಎನ್ನುತ್ತಿದ್ದರು. ಆ ಕತ್ತಲೆಯಲ್ಲಿ ಅವರಿಗೆ ನಿಜವಾಗಿಯೂ ಭಯವಾಗುತ್ತಿತ್ತು. ಅವರು ಅಲ್ಲಾಡದೆ ಕೂರುತ್ತಿದ್ದುದು ಅದಕ್ಕೇ ಎಂದು ನನಗೊಬ್ಬಳಿಗೆ ಗೊತ್ತಿತ್ತು.

ಒಂದು ದಿನ ತಿರುಗಿ ನೋಡುವ ಶಾಟು. “ಅಮ್ಮ, ಸೊಸೇನ ನೋಡಿ ಸಾಕು” ಎಂದಿದ್ದರು ನಿರ್ದೇಶಕರು. ಕ್ಯಾಮೆರಾ ಓಡುತ್ತಿರುವಾಗಲೇ ನನ್ನ ಫೋನು ನಡುಗಿತು, ಆಫೀಸಿನಿಂದ. ಸದ್ದಾಗಬಾರದೆಂದು ನಾನು ಮೆಲ್ಲಗೆ ಎದ್ದೆ, ಹೊರಗೆ ಹೋಗಿ ಬರುತ್ತೇನೆಂದು ಕೈಸನ್ನೆ ಮಾಡಿದೆ. ಅತ್ತೆ ನನ್ನನ್ನು ನೋಡಿದರು. ಹೋಗುತ್ತೀಯಾ, ನನ್ನನ್ನು ಇಲ್ಲಿ ಬಿಟ್ಟು, ಎಂದು ಕೇಳುವಂತಿತ್ತು ಆ ನೋಟ. ಬಾಯಿ ತೆರೆಯಲಿಲ್ಲ. ಕಣ್ಣು ಮಾತ್ರ ನನ್ನ ಹಿಂದೆಯೇ ಬಾಗಿಲವರೆಗೆ ಬಂತು. ನಾನು ಮತ್ತೆ ಕೂತೆ. ಫೋನು ಹಾಗೇ ನಿಂತಿತು. ಕಟ್ ಎಂದು ಹೇಳುವುದನ್ನು ನಿರ್ದೇಶಕರು ಮರೆತೇಬಿಟ್ಟಿದ್ದರು.

ಶೂಟಿಂಗ್ ಮುಗಿಯಿತು. ಮಾತು ಕೊಟ್ಟಂತೆ ಒಂದು ಮೊಳೆಯನ್ನೂ ಹೊಡೆದಿರಲಿಲ್ಲ. ತಿಂಗಳುಗಟ್ಟಲೆ ಸುದ್ದಿಯಿರಲಿಲ್ಲ. ಮುಂದಿನ ಬೇಸಿಗೆಯಲ್ಲಿ ನಿರ್ದೇಶಕರು ಬಂದು ಬಿಡುಗಡೆಯ ದಿನ ಹೇಳಿದರು. ಮೊದಲಿಗಿಂತ ಸೊರಗಿದ್ದರು. “ಕೊನೇಲಿ ಸ್ವಲ್ಪ ಬದಲಾವಣೆ ಆಗಿದೆ ಅಮ್ಮ” ಎಂದು ಏನೋ ಹೇಳಲು ಹೊರಟವರನ್ನು ಅತ್ತೆ ತಡೆದರು. “ಕಥೆ ಹೇಳ್ಬೇಡ ಅಂದಿಲ್ವೇನಪ್ಪ ನಾನು?”

ಜೆ.ಪಿ. ನಗರದ ಮಾಲಿನಲ್ಲಿ ಮೊದಲ ದಿನದ ಮಧ್ಯಾಹ್ನದ ಆಟ. ಈ ಸಲ ಊರಲ್ಲೇ ಇದ್ದ ನನ್ನ ಗಂಡ, ಅತ್ತೆ, ನಾನು. ಅತ್ತೆ ರೇಷ್ಮೆ ಸೀರೆ ಉಟ್ಟಿದ್ದರು. ಎಸ್ಕಲೇಟರಿನಲ್ಲಿ ನನ್ನ ರಟ್ಟೆ ಹಿಡಿದುಕೊಂಡವರು ಸೀಟಿನಲ್ಲಿ ಕೂತ ಮೇಲೂ ಬಿಡಲಿಲ್ಲ. ಮುಕ್ಕಾಲು ಹಾಲು ತುಂಬಿತ್ತು. ಹೆಚ್ಚಿನವರು ಕಾಲೇಜಿನ ಹುಡುಗ ಹುಡುಗಿಯರು. ನಿರ್ದೇಶಕರು ನಮ್ಮ ಹಿಂದಿನ ಸಾಲಿನ ತುದಿಯಲ್ಲಿ ಒಬ್ಬರೇ ಕೂತಿದ್ದರು.

ಕಥೆ ಹೀಗೆ. ಗಂಡ, ಹೆಂಡತಿ, ಪುಟ್ಟ ಮಗಳು ಒಂದು ಹಳೆಯ ಮನೆಗೆ ಬಾಡಿಗೆಗೆ ಬರುತ್ತಾರೆ. ಮಹಡಿಯ ಕೋಣೆಯಲ್ಲಿ ಒಬ್ಬ ಅಜ್ಜಿ ಅಕ್ಕಿ ಆರಿಸುತ್ತಾ ಕೂತಿರುತ್ತಾಳೆ. ಮನೆ ಓನರಿನ ತಾಯಿ ಇರಬೇಕೆಂದು ಅವರು ತಿಳಿಯುತ್ತಾರೆ, ನಾವೂ ಹಾಗೇ ತಿಳಿಯುತ್ತೇವೆ. ಮಗು ದಿನಾ ಮೇಲೆ ಹೋಗಿ ಆಡಿ ಬರುತ್ತದೆ. ಏನೂ ಆಗುವುದಿಲ್ಲ. ಅಜ್ಜಿ ಕೆಳಗೆ ಬರುವುದಿಲ್ಲ, ಮೊರದ ಅಕ್ಕಿ ಕಡಿಮೆಯಾಗುವುದಿಲ್ಲ, ಅಷ್ಟೇ. ಆಮೇಲೆ ಒಂದು ದಿನ ಓನರು ಬಂದು, ವರ್ಷಗಳ ಹಿಂದೆ ಮಹಡಿಯ ಕೋಣೆಗೆ ಹಾಕಿದ ಬೀಗ ಹಾಗೇ ಇದೆಯಲ್ಲ, ಸದ್ಯ, ಎನ್ನುತ್ತಾನೆ.

ಅಷ್ಟರವರೆಗೆ ಪಾಪ್‌ಕಾರ್ನ್ ತಿನ್ನುತ್ತಾ ಏನೇನೋ ಕೂಗುತ್ತಿದ್ದ ಹುಡುಗರು ಸುಮ್ಮನಾದರು. ಆ ಮನೆಯ ಒಂದೊಂದು ಮೆಟ್ಟಿಲೂ ನನಗೆ ಗೊತ್ತು, ಯಾವುದು ಕಿರುಗುಟ್ಟುತ್ತದೆಂದೂ ಗೊತ್ತು. ಆದರೂ ಮಗುವಿನ ತಾಯಿ ಆ ಮೆಟ್ಟಿಲು ಹತ್ತುವಾಗ ನನ್ನ ಅಂಗೈ ಬೆವರಿತು. ಸದ್ದು ಎಂದರೆ ಅಕ್ಕಿಯ ಮೇಲೆ ಬೆರಳಾಡುವ ಸದ್ದೊಂದೇ. ಬಾಗಿಲು ತೆರೆಯಿತು. ಅಜ್ಜಿ ತಿರುಗಿದಳು. ಆ ನೋಟ ಪರದೆಯ ತುಂಬ ನಿಂತಿತು, ಮುಗಿಯಲೇ ಇಲ್ಲ. ನನ್ನ ಮುಂದೆ ಕೂತಿದ್ದ ಹುಡುಗಿ “ಅಯ್ಯೋ ಬೇಡ” ಎಂದು ಸೀಟಿನಲ್ಲಿ ಕುಗ್ಗಿದಳು. ಇಡೀ ಹಾಲಿನಲ್ಲಿ ಅದು ಯಾರನ್ನು, ಏಕೆ ನೋಡಿದ ನೋಟವೆಂದು ಅತ್ತೆಯನ್ನು ಬಿಟ್ಟರೆ ತಿಳಿದಿದ್ದವಳು ನಾನೊಬ್ಬಳೇ. ತಿಳಿದೂ ನನಗೆ ಮೈ ಜುಮ್ಮೆಂದಿತು. ಅತ್ತೆ ನನಗೆ ಬಾಯಿಬಿಟ್ಟು ಹೇಳದ ಒಂದು ಮಾತು ಅಲ್ಲಿ ಅಷ್ಟು ದೊಡ್ಡದಾಗಿ ನಿಂತಿತ್ತು.

ಪಕ್ಕಕ್ಕೆ ನೋಡಿದೆ. ಅತ್ತೆ ಸೆರಗನ್ನು ಮುಖದ ಮೇಲೆ ಎಳೆದುಕೊಂಡು ಕಣ್ಣು ಮುಚ್ಚಿ ಕೂತಿದ್ದರು. “ಹೋಯ್ತಾ ಅದು?” ಎಂದು ಪಿಸುಗುಟ್ಟಿದರು.

“ಅತ್ತೆ, ಅದು ನೀವೇ.”

“ನಾನೇ ಆದ್ರೇನು? ಹೋಯ್ತಾ ಹೇಳು.”

ಇಂಟರ್‌ವಲ್‌ನಲ್ಲಿ ಹಾಲಿನಲ್ಲಿ ಒಂದು ಬಗೆಯ ಗುಜುಗುಜು. “ಸಖತ್ತಾಗಿದೆ ಗುರು” ಎಂದು ಯಾರೋ ಹೇಳಿದ್ದು ಕೇಳಿಸಿತು. ನಾನು ಹಿಂದೆ ತಿರುಗಿ ನಿರ್ದೇಶಕರಿಗೆ ಹೆಬ್ಬೆರಳೆತ್ತಿ ತೋರಿಸಿದೆ. ಅವರು ನಗಲಿಲ್ಲ.

ಯಾಕೆಂದು ಎರಡನೆಯ ಅರ್ಧದಲ್ಲಿ ತಿಳಿಯಿತು. ಆ ಅಜ್ಜಿಯ ಮಗಳು ಹೆರಿಗೆಗೆ ಆಸ್ಪತ್ರೆಗೆ ಹೋದವಳು ಮರಳಿ ಬರಲಿಲ್ಲ. ಬಾಣಂತಿಗೆ ಅನ್ನಕ್ಕಿಡಲೆಂದು ಅಕ್ಕಿ ಆರಿಸುತ್ತಾ ಕೂತ ತಾಯಿ ಹಾಗೇ ಕಾಯುತ್ತಾ ಪ್ರಾಣಬಿಟ್ಟಳು. ಇಷ್ಟು ಚೆನ್ನಾಗಿತ್ತು. ಅಲ್ಲಿಗೆ ಬಿಡಬಹುದಿತ್ತು. ಆದರೆ ಒಬ್ಬ ಮಂತ್ರವಾದಿ ಬಂದ. ನೆಲ ಬಿರಿಯಿತು, ಬೆಂಕಿ ಎದ್ದಿತು. ಅದುವರೆಗೆ ಮಗುವಿನ ಪಕ್ಕ ಸುಮ್ಮನೆ ಕೂತಿದ್ದ ಅಜ್ಜಿ ಮಗುವಿನ ರಕ್ತಕ್ಕಾಗಿ ಬಾಯಿ ಕಳೆದಳು. ಅತ್ತೆಯ ಮುಖವನ್ನು ಕಂಪ್ಯೂಟರಿನಲ್ಲಿ ಯಾವುದೋ ದೇಹಕ್ಕೆ ಅಂಟಿಸಿದ್ದರು. ಬಿಳಿ ಸೀರೆ, ಕೆಂಪು ಕಣ್ಣು. ಮೊಣಕಾಲವರೆಗೆ ಬಿಚ್ಚಿದ ಕೂದಲು ಹಾವಿನಂತೆ ಆಡುತ್ತಿತ್ತು. ಅವಳು ಛಾವಣಿಯವರೆಗೆ ಹಾರಿ ಫ್ಯಾನಿಗೆ ಸುತ್ತು ಹಾಕಿದಳು.

“ಮಗಾ, ಅಜ್ಜಿ ಟೇಕಾಫ್!” ಎಂದು ಒಬ್ಬ ಕೂಗಿದ. ಇಡೀ ಹಾಲು ನಕ್ಕಿತು. ಆಮೇಲೆ ನಗು ನಿಲ್ಲಲಿಲ್ಲ. ಅಜ್ಜಿ ಕಂಡಾಗಲೆಲ್ಲ ಶಿಳ್ಳೆ. ಇಂಟರ್‌ವಲ್‌ಗೆ ಮೊದಲು ಕುಗ್ಗಿಹೋಗಿದ್ದ ಹುಡುಗಿ ಈಗ ಫೋನು ತೆಗೆದು ವಿಡಿಯೋ ಮಾಡುತ್ತಿದ್ದಳು.

ಅತ್ತೆ ಆಗಷ್ಟೇ ಸೆರಗು ಸರಿಸಿ, ಬೆನ್ನು ನೆಟ್ಟಗೆ ಮಾಡಿ ಕೂತು ಉಳಿದದ್ದನ್ನು ಪೂರ್ತಿ ನೋಡಿದರು. ನನ್ನ ರಟ್ಟೆಯನ್ನು ಬಿಟ್ಟಿದ್ದರು. ಬೇಕಿದ್ದರೆ ಎದ್ದು ಹೋಗೋಣವೆಂದು ನನ್ನ ಗಂಡ ಕೇಳಿದಾಗ ಬೇಡವೆಂದು ತಲೆಯಾಡಿಸಿದರು.

ಹೊರಗೆ ಬಂದಾಗ ನಿರ್ದೇಶಕರು ಕಂಬದ ಪಕ್ಕ ನಿಂತಿದ್ದರು. ತಪ್ಪಿಸಿಕೊಂಡು ಹೋಗಬಹುದಿತ್ತು, ಹೋಗಲಿಲ್ಲ.

“ತಲೆ ಬಿಡಲ್ಲ ಅಂದಿದ್ದೆ” ಎಂದರು ಅತ್ತೆ.

“ಹೌದಮ್ಮ.”

“ಬಿಳೀ ಸೀರೇನೂ ಉಡಲ್ಲ ಅಂದಿದ್ದೆ.”

“ಪ್ರೊಡ್ಯೂಸರ್ ಸೈಡಿಂದ ಹೇಳಿದ್ರು ಅಮ್ಮ. ಹೀಗೆ ಸುಮ್ನೆ ಕೂತ್ರೆ ಜನ ದೆವ್ವ ಅಂತ ನಂಬಲ್ಲ, ಕ್ಲೈಮ್ಯಾಕ್ಸ್‌ಗೆ ಗ್ರಾಫಿಕ್ಸ್ ಬೇಕು ಅಂತ. ನಾನು ಬೇಡ ಅಂದೆ.” ಮತ್ತೆ ತಾವೇ ಹೇಳಿದರು, “ಕೊನೆಗೆ ಹೂಂ ಅಂದೆ. ಅದಕ್ಕೆ ಹೂಂ ಅಂದವನು ನಾನೇ. ನಿಮ್ಮನ್ನ ಒಂದ್ ಮಾತು ಕೇಳ್ಬೇಕಿತ್ತು.”

ಅತ್ತೆ ಅವರನ್ನೇ ನೋಡಿದರು. ಪರೀಕ್ಷೆಯ ಉತ್ತರಪತ್ರಿಕೆ ಕೈಯಲ್ಲಿ ಹಿಡಿದಾಗ ಹೀಗೇ ನೋಡುತ್ತಿದ್ದರೋ ಏನೋ. “ನಾನೊಂದ್ ಹೇಳ್ತೀನಿ, ಬೇಜಾರು ಮಾಡ್ಕೋಬೇಡ. ಆ ಮಂತ್ರವಾದಿ ಬರೋವರೆಗೆ ನಾನು ನೋಡೇ ಇಲ್ಲ. ಭಯಕ್ಕೆ ಕಣ್ಣೇ ಬಿಡೋಕಾಗ್ಲಿಲ್ಲ. ಅವನು ಬಂದ್ಮೇಲೆ ಪೂರ್ತಿ ನೋಡ್ದೆ. ಏನೂ ಅನ್ನಿಸ್ಲಿಲ್ಲ ಕಣಪ್ಪ.”

ನಿರ್ದೇಶಕರು ನಗಲು ಹೋದರು, ಆಗಲಿಲ್ಲ. ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸಿದರು. ಆ ಸಿನಿಮಾದ ಬಗ್ಗೆ ಆಮೇಲೆ ನಾನು ಓದಿದ ಯಾವ ವಿಮರ್ಶೆಯಲ್ಲೂ ಇದಕ್ಕಿಂತ ಸರಿಯಾದ ಮಾತು ಸಿಗಲಿಲ್ಲ. ಒಂದೆರಡು ಕಡೆ ಮಹಡಿಯ ಅಜ್ಜಿಯನ್ನು ಹೊಗಳಿದ್ದರು. ಹಾರುವ ಅಜ್ಜಿಯ ತುಣುಕು ಮಾತ್ರ ಎಲ್ಲರ ಫೋನಿನಲ್ಲೂ ಓಡಾಡಿತು. ಮುಂದಿನ ವಾರ ಸಿನಿಮಾ ಥಿಯೇಟರಿನಲ್ಲಿರಲಿಲ್ಲ.

ಅತ್ತೆಗೆ ನೋವಾಗಿತ್ತು. ಸುಬ್ರಹ್ಮಣ್ಯಪುರದ ಅವರ ತಂಗಿ ಫೋನು ಮಾಡಿ “ಏನಕ್ಕ, ಫ್ಯಾನ್ ಸುತ್ತ ಸುತ್ತಿದ್ಯಂತೆ” ಎಂದು ನಕ್ಕದ್ದಕ್ಕೆ ಎರಡು ವಾರ ಅವರ ಫೋನು ತೆಗೆಯಲಿಲ್ಲ. ದೇವಸ್ಥಾನಕ್ಕೂ ಜನ ಕಡಿಮೆಯಿರುವ ಹೊತ್ತು ನೋಡಿ ಹೋಗುತ್ತಿದ್ದರು. ಒಂದು ದಿನ ಕನ್ನಡಿಯ ಮುಂದೆ ಗಂಟು ಕಟ್ಟಿಕೊಳ್ಳುತ್ತಾ, “ನಂದೇ ಮುಖ ಕಣೆ, ನನ್ನ ಕೇಳದೆ ಅದರ ತಲೆ ಬಿಚ್ಚಿಬಿಟ್ರಲ್ಲ” ಎಂದರು. ನಾನು ಹೋಗಿ ಗಂಟಿಗೆ ಪಿನ್ನು ಚುಚ್ಚಿಕೊಟ್ಟೆ. ಅದಕ್ಕೆ ಮೊದಲು ನಾನು ಅವರ ಕೂದಲನ್ನು ಮುಟ್ಟಿದ ನೆನಪಿಲ್ಲ.

ನಿರ್ದೇಶಕರು ಮಳೆಗಾಲದಲ್ಲಿ ಒಮ್ಮೆ ಬಂದರು, ಬಗಲಲ್ಲಿ ಲ್ಯಾಪ್‌ಟಾಪು. ಮೊಬೈಲಿನಲ್ಲಿ ಸಿನಿಮಾ ತೋರಿಸುವ ಒಂದು ಕಂಪನಿ ಇದನ್ನು ಕೊಂಡಿದೆ, ಆದರೆ ಉದ್ದ ಕಡಿಮೆ ಮಾಡಿ ಎಂದಿದೆಯಂತೆ. “ಕಡಿಮೆ ಮಾಡೋಕೆ ನನಗೇ ಬಿಟ್ರು. ಮಂತ್ರವಾದಿಯಿಂದ ಆಚೆಗೆ ಪೂರ್ತಿ ಕತ್ತರಿಸಿ, ಮೊದಲು ಶೂಟ್ ಮಾಡಿದ್ದ ಕೊನೇನೇ ಹಾಕಿದೀನಿ. ನೀವು ನೋಡಿ ಸರಿ ಅಂದ್ಮೇಲೆ ಕಳಿಸ್ತೀನಿ ಅಮ್ಮ.”

ಅತ್ತೆ ಹಾಲಿನ ಕಿಟಕಿ ಪರದೆಗಳನ್ನೆಲ್ಲ ಸರಿಸಿ, ಮುಂಬಾಗಿಲನ್ನು ಪೂರ್ತಿ ತೆರೆದಿಟ್ಟು, ಸೋಫಾದಲ್ಲಿ ನನ್ನನ್ನು ಪಕ್ಕಕ್ಕೆ ಕೂರಿಸಿಕೊಂಡರು. “ಹಾಕಪ್ಪ.” ಬೀದಿಯ ಆಟೋ ಸದ್ದು, ಪಕ್ಕದ ಮನೆಯ ಕುಕ್ಕರಿನ ಸೀಟಿ, ಅದರ ನಡುವೆ ಆ ಸಿನಿಮಾ ನೋಡಿದೆವು. ಮೊದಲ ಅರ್ಧವನ್ನು ಅತ್ತೆ ನಿಜವಾಗಿ ನೋಡಿದ್ದು ಅವತ್ತೇ. ತಿರುಗಿ ನೋಡುವ ದೃಶ್ಯಕ್ಕೆ ನನ್ನ ಕೈ ಅಮುಕಿದರು, ಆದರೆ ಕಣ್ಣು ಮುಚ್ಚಲಿಲ್ಲ. ಈಗ ಕೊನೆಯಲ್ಲಿ ಬಾಡಿಗೆಯವರು ಮನೆ ಖಾಲಿ ಮಾಡುತ್ತಾರೆ. ಹೋಗುವ ಮೊದಲು ಮಗುವಿನ ತಾಯಿ ಮಹಡಿ ಹತ್ತಿ, “ನಿಮ್ಮ ಮಗಳು ಬರಲ್ಲ ಅಮ್ಮ” ಎಂದು ಮೆಲ್ಲಗೆ ಹೇಳುತ್ತಾಳೆ. ಅಕ್ಕಿಯ ಮೇಲಿನ ಬೆರಳು ನಿಲ್ಲುತ್ತದೆ. ಅಷ್ಟೇ.

ಅತ್ತೆ ಕಣ್ಣೊರೆಸಿಕೊಂಡರು. “ಪಾಪ, ಮಗಳಿಗೆ ಕಾಯ್ತಿದ್ಲಾ ಅವಳು? ನನಗೆ ಹೇಳ್ಬಾರ್ದಿತ್ತಾ?”

“ಕಥೆ ಹೇಳ್ಬೇಡ ಅಂದ್ರಲ್ಲಮ್ಮ ನೀವು!”

“ಅಂದೆ. ಹೇಳಿದ್ರೆ ಅಷ್ಟು ಹೆದರ್ಕೋತಿರ್ಲಿಲ್ಲ” ಎಂದರು ಅತ್ತೆ. “ಇದನ್ನ ಕಳಿಸು. ಇದು ಸರಿಯಾಗಿದೆ.”

ನನಗೂ ಸರಿಯಾಗಿದೆ ಅನ್ನಿಸಿತು. ನಡುವೆ ಒಂದು ಕಡೆ ಗಂಡ ಹೆಂಡತಿಯ ಜಗಳ ಎಳೆದಾಡುತ್ತದೆ, ಹಿನ್ನೆಲೆ ಸಂಗೀತವೂ ಸ್ವಲ್ಪ ಜಾಸ್ತಿಯೇ. ಆದರೆ ಹೆದರಿಸುತ್ತದೆ. ಹೆದರಿದ್ದಕ್ಕೆ ಆಮೇಲೆ ಬೇಸರವಾಗದಂತೆ ಹೆದರಿಸುತ್ತದೆ. ಅದನ್ನು ಎಷ್ಟು ಜನ ನೋಡಿದರೋ ನನಗೆ ಗೊತ್ತಿಲ್ಲ. ಎರಡನೆಯ ಸಿನಿಮಾಕ್ಕೆ ಓಡಾಡುತ್ತಿದ್ದೇನೆಂದು ನಿರ್ದೇಶಕರು ಹೇಳುತ್ತಿರುತ್ತಾರೆ. ಸದ್ಯಕ್ಕೆ ಮತ್ತೆ ಬೇರೆಯವರ ಸಿನಿಮಾಗಳ ಎಡಿಟಿಂಗೇ.

ಅತ್ತೆಗೆ ಮಾತ್ರ ಒಂದು ಕರೆ ಬಂತು. ಮೊಬೈಲಿನಲ್ಲಿ ಅವರನ್ನು ನೋಡಿದ ಇನ್ನೊಂದು ತಂಡದವರು ಮದುವೆಮನೆಯ ಕಥೆಯೊಂದರಲ್ಲಿ ಅಜ್ಜಿಯ ಪಾತ್ರಕ್ಕೆ ಕೇಳಿದರು. ಗೊಟ್ಟಿಗೆರೆಯ ಹತ್ತಿರದ ಒಂದು ಕಲ್ಯಾಣಮಂಟಪದಲ್ಲಿ ಶೂಟಿಂಗು. ನಾನು ಆಫೀಸಿಗೆ ರಜೆ ಹಾಕುತ್ತೇನೆಂದರೆ ಅತ್ತೆ ಬೇಡವೆಂದರು. “ಅಲ್ಲಿ ಲೈಟಿರತ್ತೆ, ಜನ ಇರ್ತಾರೆ, ನೀನ್ಯಾಕೆ?” ಒಬ್ಬರೇ ಕ್ಯಾಬಿನಲ್ಲಿ ಹೋಗಿ ಸಂಜೆ ಬಂದರು. ಚಪ್ಪಲಿ ಬಿಡುವಾಗಲೇ ಕೇಳಿದೆ, ಹೇಗಿತ್ತು ಅತ್ತೆ ಎಂದು.

“ಊಟ ಚೆನ್ನಾಗಿತ್ತು” ಎಂದು ಕಾಲು ನೀಡಿಕೊಂಡು ಕೂತರು. “ಪಾರ್ಟಲ್ಲಿ ಏನೂ ಇಲ್ಲ ಕಣೆ. ಅಲ್ಲೂ ಅಕ್ಕೀನೇ. ಬೆಳಿಗ್ಗೆಯಿಂದ ಅಕ್ಷತೆ ಹಾಕಿದ್ದೇ ಹಾಕಿದ್ದು.”